ಎಲೋಫ್ ಮಾಡಿದ ದೀಸಾ

ಗುದ್ರುನ್ ಅವನನ್ನು ಮೊದಲು ಕಂಡದ್ದು ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ. ಆ ಬೆಳಗಿನ ಸರದಿ ಆಕೆಯದು. ಗೋಡೆಯ ಪಟ್ಟಿಯಲ್ಲಿ ಹೆಸರು ಎದ್ದು ಕಾಣುವಂತೆ ಬರೆದಿತ್ತು. ಆದರೂ ಯಂತ್ರದೊಳಗೆ ಯಾರದೋ ಕಾಲುಚೀಲಗಳು ಗಿರಗಿರನೆ ತಿರುಗುತ್ತಿದ್ದವು. ಸ್ಕೋವ್ದೆ ಊರಿನ ಜನ ಏನನ್ನು ಬೇಕಾದರೂ ಕ್ಷಮಿಸಿಯಾರು, ಒಗೆಯುವ ಸರದಿ ಕದ್ದವನನ್ನು ಮಾತ್ರ ಕ್ಷಮಿಸುವುದಿಲ್ಲ. ಕಳ್ಳನೂ ಅಲ್ಲೇ ಇದ್ದ. ಕೆದರಿದ ಕೆಂಗೂದಲಿನ ಮೂವತ್ತರ ಯುವಕ, ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಏನನ್ನೋ ಗೀಚುತ್ತಿದ್ದ.

"ಇದು ಯಾರ ಸರದಿ ಅಂತ ಓದೋಕೆ ಬರುತ್ತೇನಪ್ಪಾ?" ಎಂದಳು ಗುದ್ರುನ್.

"ಬರುತ್ತೆ. ಇವತ್ತು ಮಂಗಳವಾರ ಅಲ್ವಾ? ಮಂಗಳವಾರ ನಂದು."

"ಇವತ್ತು ಗುರುವಾರ."

"ಹೌದಾ? ಹಾಗಾದ್ರೆ ಮಂಗಳವಾರ ನಾನೇನ್ ಮಾಡ್ತಿದ್ದೆ?" ಎಂದು ಅವನು ನಿಜವಾಗಿಯೂ ಯೋಚನೆಗೆ ಬಿದ್ದ.

ಬೈಯಲೆಂದು ತೆರೆದ ಬಾಯಿಯಲ್ಲಿ ಆಕೆಗೆ ನಗು ಬಂದುಬಿಟ್ಟಿತು. ಇಂಥ ಮುಖಗಳನ್ನು ಆಕೆ ಕಾಣದವಳಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತಳಾದವಳು. ಉಳಿ ಎಲ್ಲಿಟ್ಟೆನೆಂದು ಹುಡುಕುತ್ತ, ಅದನ್ನೇ ಕೈಯಲ್ಲಿ ಹಿಡಿದು ತಿರುಗುವ ಹುಡುಗರು ಪ್ರತಿ ವರ್ಷವೂ ಒಬ್ಬಿಬ್ಬರು ಸಿಗುತ್ತಿದ್ದರು. ಗುರುವಾರವಾದ್ದರಿಂದ ಅಲ್ಲಿನ ರೂಢಿಯಂತೆ ಒಲೆಯ ಮೇಲೆ ಬಟಾಣಿ ಸಾರು ಕುದಿಯುತ್ತಿತ್ತು. ಊಟಕ್ಕೆ ಬಾ ಎಂದಳು. ಅವನು ಬಂದ. ಜಾಮು ಸವರಿದ ದೋಸೆಯಂಥ ಪ್ಯಾನ್‌ಕೇಕುಗಳನ್ನು ಲೆಕ್ಕವಿಲ್ಲದೆ ತಿಂದ. ಮುಂದಿನ ಗುರುವಾರ ಕರೆಯದಿದ್ದರೂ ಬಂದ.

ಅವನ ಹೆಸರು ಎಲೋಫ್ ಬ್ರೂನ್. ಅದೇ ಊರಿನ ಒಂದು ಪುಟ್ಟ ಕಂಪನಿಯಲ್ಲಿ ವೀಡಿಯೊ ಗೇಮ್ ಮಾಡುವ ಕೆಲಸ. ಅವರು ಮಾಡುತ್ತಿದ್ದ ಆಟದಲ್ಲಿ ಬಂದೂಕಿಲ್ಲ, ರಾಕ್ಷಸರಿಲ್ಲ. ಆಡುವವರು ತಮಗೆ ಬೇಕಾದಂತೆ ಒಂದು ಮನುಷ್ಯರೂಪ ಮಾಡಿಕೊಳ್ಳಬೇಕು, ಅದಕ್ಕೊಂದು ಮನೆ ಕಟ್ಟಬೇಕು, ಅಡುಗೆ ಮಾಡಿಸಬೇಕು, ನೆರೆಯವರ ಜೊತೆ ಸ್ನೇಹವನ್ನೋ ಜಗಳವನ್ನೋ ಮಾಡಿಸಬೇಕು. ಅಷ್ಟೇ.

"ಇದರಲ್ಲಿ ಗೆಲ್ಲೋದು ಹೇಗೆ?" ಎಂದು ಗುದ್ರುನ್ ಕೇಳಿದಳು.

"ಗೆಲ್ಲೋದೇ ಇಲ್ಲ. ಬದುಕ್ತಾ ಇರೋದು."

"ಅದಕ್ಕೆ ಕಂಪ್ಯೂಟರ್ ಯಾಕೋ ಬೇಕು?"

ಮಾತು ಹಾಗೆ ಆಡಿದರೂ ಒಂದು ಗುರುವಾರ ಆಕೆ ಅವನ ಕಂಪ್ಯೂಟರಿನ ಮುಂದೆ ಕುಳಿತಳು. ಅವನು ಆಕೆಗಾಗಿ ಒಂದು ಮುದುಕಿಯನ್ನು ಮಾಡಿ ತಂದಿದ್ದ: ಬಾಗಿದ ಬೆನ್ನು, ನೆತ್ತಿಯ ಮೇಲೆ ಬಿಳಿ ತುರುಬು, ಹೆಗಲಿಗೆ ಶಾಲು.

"ಯಾರಿದು?"

"ನೀನೇ."

"ನನ್ನ ಬೆನ್ನು ಯಾವಾಗ ಬಗ್ಗಿತ್ತೋ? ಶಾಲು ಹೊದ್ಕೊಂಡು ಯಾರಾದ್ರೂ ಗರಗಸ ಎಳೀತಾರಾ?"

ಎಲೋಫ್ ಕಿವಿಯವರೆಗೆ ಕೆಂಪಾದ. ಮರುವಾರ ಬಂದ ಮುದುಕಿಗೆ ನೆಟ್ಟಗಿನ ಬೆನ್ನು, ಬಣ್ಣ ಮೆತ್ತಿದ ಮೇಲಂಗಿ, ಮೊರದಗಲದ ಕೈಗಳು ಇದ್ದವು. ಕಿವಿಯ ಹಿಂದೆ ಒಂದು ಪೆನ್ಸಿಲ್ಲೂ ಇತ್ತು. ಗುದ್ರುನ್ ಬಹಳ ಹೊತ್ತು ಅದನ್ನೇ ನೋಡಿದಳು. "ಇವಳು ಪರವಾಗಿಲ್ಲ" ಎಂದು ಹೇಳಿ, ಪರದೆಯೊಳಗೆ ಒಂದು ಮರಗೆಲಸದ ಕೊಟ್ಟಿಗೆ ಕಟ್ಟಲು ತೊಡಗಿದಳು. ಸಂಜೆಯಾದರೂ ಏಳಲಿಲ್ಲ.

ಅವನಿಗೆ ಈ ಕೆಲಸದ ಹುಚ್ಚು ಹಿಡಿದದ್ದು ಯಾಕೆಂದು ತಿಳಿದದ್ದು ಆಮೇಲೆ. ಎಲೋಫನಿಗೆ ದೀಸಾ ಎಂಬ ತಂಗಿ. ಹುಟ್ಟಿದಾಗಿನಿಂದ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲು ಹಾಕಿಕೊಂಡೇ ಮರ ಹತ್ತಿ, ಅಣ್ಣನನ್ನು ಅಟ್ಟಾಡಿಸಿ ಹೊಡೆದು ಬೆಳೆದವಳು. ಚಿಕ್ಕವರಿದ್ದಾಗ ಇಬ್ಬರೂ ಇಂಥದೇ ಒಂದು ಆಟ ಆಡುತ್ತಿದ್ದರು. ಅಣ್ಣ ಕೆಂಗೂದಲಿನ ಹುಡುಗನನ್ನು ಮಾಡಿಕೊಂಡ. ತಂಗಿ ಕಾಲುಗಳ ಪುಟವನ್ನು ಹಿಂದೆ ಮುಂದೆ ತಿರುವಿ ಹಾಕಿ, "ನನ್ನ ಕಾಲೆಲ್ಲಿ?" ಎಂದು ಕೇಳಿದಳು. ಅದು ಇರಲಿಲ್ಲ. ಅವಳು ಎದ್ದು ಹೋದವಳು ಮತ್ತೆ ಅಂಥ ಆಟದ ತಂಟೆಗೆ ಬರಲಿಲ್ಲ. ಅಂದು ಅಣ್ಣ ಮಾತು ಕೊಟ್ಟಿದ್ದ: ನೀನಿರುವ ಆಟವನ್ನು ನಾನೇ ಮಾಡುತ್ತೇನೆ.

ಈಗ ಆ ಆಟ ಮುಗಿಯುತ್ತ ಬಂದಿತ್ತು. ನಡುಬೇಸಿಗೆಯ ಹಬ್ಬ ಕಳೆದೊಡನೆ ಅದು ಜನರ ಕೈಗೆ ಹೋಗಬೇಕು; ಆಮೇಲೆ ಅದರ ಬುಡಕ್ಕೆ ಕೈ ಹಾಕುವಂತಿಲ್ಲ. ಹಬ್ಬಕ್ಕೆ ಇನ್ನೂ ಕೆಲವು ವಾರಗಳಿರುವಾಗ ದೀಸಾಳನ್ನು ಕರೆಸಿದ. ಅವಳು ಗೋಥೆನ್‌ಬರ್ಗಿನ ಒಂದು ನರ್ಸರಿಯಲ್ಲಿ ಗಿಡ ಮಾರುತ್ತಿದ್ದಳು. "ಬರ್ತೀನಿ. ಆದ್ರೆ ಚೆನ್ನಾಗಿಲ್ದಿದ್ರೆ ಚೆನ್ನಾಗಿದೆ ಅಂತ ಹೇಳೋಳಲ್ಲ, ಗೊತ್ತಲ್ಲ" ಎಂದು ಫೋನಿನಲ್ಲೇ ಎಚ್ಚರಿಸಿದ್ದಳು. ಎಲೋಫನಿಗೆ ಎರಡು ದಿನ ಊಟ ಸೇರಲಿಲ್ಲ. ಧೈರ್ಯಕ್ಕಿರಲೆಂದು ಗುದ್ರುನ್ ಏಲಕ್ಕಿ ಬನ್ನುಗಳ ಬುಟ್ಟಿ ಹಿಡಿದು ಜೊತೆಗೆ ಕಂಪನಿಗೆ ಹೋದಳು.

ದೀಸಾ ಪರದೆಯ ಮುಂದೆ ಕುಳಿತು ಮೂಗು ಆರಿಸಿದಳು, ಮಚ್ಚೆ ಇಟ್ಟಳು. ಕಾಲುಗಳ ಪುಟ ಬಂತು. ಅಲ್ಲಿ ಅವಳ ಕೃತಕ ಕಾಲಿತ್ತು, ಅವಳು ಹಾಕಿಕೊಂಡಿದ್ದರ ಹಾಗೆಯೇ ಹಳದಿ ಹೂಗಳ ಚಿತ್ರವಿದ್ದದ್ದು. ಅವಳು ಅಣ್ಣನ ತೋಳಿಗೆ ಒಂದು ಗುದ್ದು ಕೊಟ್ಟಳು. ಕಂಪನಿಯವರೆಲ್ಲ ನಿರಾಳವಾದರು. ಪರದೆಯ ದೀಸಾ ಚಂದದ ನೀಲಿ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟಳು. ಬಗ್ಗಿದಳು. ಶೂಗಳನ್ನು ಕಳಚಿದಳು. ಎಡಗಡೆಯ ಶೂ ಜೊತೆಗೆ ಕಾಲನ್ನೂ ಕಳಚಿ, ಎರಡನ್ನೂ ಅಚ್ಚುಕಟ್ಟಾಗಿ ಗೂಡಿನಲ್ಲಿಟ್ಟು, ಧೊಪ್ಪನೆ ಮುಖವಡಿಯಾಗಿ ಬಿದ್ದಳು.

ಹೊಸ್ತಿಲು ದಾಟಿದವರು ಶೂ ಬಿಚ್ಚಬೇಕೆಂದು ಆಟಕ್ಕೆ ಯಾರೂ ಯೋಚಿಸಿ ಕಲಿಸಿರಲಿಲ್ಲ. ಉಸಿರಾಡುವುದನ್ನು ಕಲಿಸಿದಷ್ಟೇ ಸಹಜವಾಗಿ ಕಲಿಸಿದ್ದರು. ಆ ಕಾಲನ್ನು ಎಲೋಫ್ ಪಾದರಕ್ಷೆಗಳ ಪೆಟ್ಟಿಗೆಯಲ್ಲಿ ಸೇರಿಸಿದ್ದ. ಹಾಕಿಕೊಳ್ಳುವ ವಸ್ತು ತಾನೇ ಎಂದುಕೊಂಡು.

ಮೊದಲು ನಕ್ಕವಳು ದೀಸಾ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಒಳ್ಳೆ ಅಣ್ಣ ಕಣೋ ನೀನು! ಮನೆಗೆ ಬಂದೋರು ಕಾಲು ತೆಗೆದಿಟ್ಟು ಬರಬೇಕಾ?"

"ಸಂಜೆಯೊಳಗೆ ಸರಿ ಮಾಡ್ತೀನಿ, ಕಾಲನ್ನ ಶೂನಿಂದ ಬೇರೆ ಮಾಡಿದ್ರೆ ಆಯ್ತು" ಎಂದ ಎಲೋಫ್.

ದೀಸಾಳ ನಗು ನಿಂತಿತು. "ಆಗ್ಲೂ ಅದು ನಾನಲ್ಲ. ಈ ಕಾಲಿಗೆ ಶೂ ಇಲ್ದೆ ಹೋದ್ರೆ ನಾನು ಹಿಂದಕ್ಕೆ ವಾಲ್ತೀನಿ. ಇದರ ಪಾದವನ್ನ ಶೂ ಹಿಮ್ಮಡಿ ಎತ್ತರಕ್ಕೆ ಸರಿಯಾಗಿ ಕೂರಿಸಿರ್ತಾರೆ. ಅಮ್ಮನ ಮನೆ ಬಾಗಿಲಲ್ಲಿ ಮನೆಯೊಳಗೆ ಹಾಕೋ ನನ್ನ ಶೂ ಯಾವಾಗ್ಲೂ ಇರ್ತಿತ್ತಲ್ಲ, ಯಾಕೆ ಅನ್ಕೊಂಡಿದ್ದೆ?"

"ನಿಂಗೆ ಕಾಲು ಥಂಡಿ ಆಗುತ್ತೆ ಅಂತ."

"ಇಷ್ಟು ವರ್ಷ?"

ಎಲೋಫ್ ತಲೆ ತಗ್ಗಿಸಿದ. ಅವಳು ಸ್ವರ ಇಳಿಸಿ ಹೇಳಿದಳು: "ಯಾರ ಮನೆಗೆ ಹೋದ್ರೂ ನಂಗೆ ಬೇಕಾದ್ದು ಎರಡೇ. ಕೂತು ಶೂ ಬದಲಾಯಿಸೋಕೆ ಒಂದು ಜಾಗ. ಶೂ ಯಾಕೆ ಹಾಕ್ಕೊಂಡಿದ್ದೀಯ ಅಂತ ಕೇಳ್ದೆ ಇರೋರು. ನಿನ್ನ ಆಟದಲ್ಲಿ ಬಾಗಿಲ ಹತ್ರ ಕೂರೋಕೆ ಏನೂ ಇಲ್ವಲ್ಲೋ."

ಕಂಪನಿಯ ಯಜಮಾನ ಟೋರ್ಕೆಲ್ ಅದೇ ಹೊತ್ತಿಗೆ ಹೊರಗಿನಿಂದ ಬಂದ. ವಿಷಯ ಕೇಳಿ ಬಾಗಿಲಲ್ಲೇ ತಲೆಯಾಡಿಸಿದ. "ಬೆಂಚು ಇಡೋದು ಸುಲಭ. ಆದ್ರೆ ಎಲ್ಲರಿಗೂ ಅದರ ಮೇಲೆ ಕೂತು ಶೂ ಬದಲಾಯಿಸೋದನ್ನ ಕಲಿಸಬೇಕು. ದಪ್ಪಗಿರೋರು, ಬಸುರಿಯರು, ಮಕ್ಕಳು, ಎಲ್ಲರಿಗೂ ಬೇರೆ ಬೇರೆ! ಹಬ್ಬದೊಳಗೆ ಆಗೋ ಕೆಲಸವಾ? ಮುಂದಿನ ವರ್ಷ ನೋಡೋಣ." ಹೀಗೆ ಹೇಳುತ್ತಲೇ ಅವನು ತನ್ನ ಲೇಸಿನ ಬೂಟು ಬಿಚ್ಚುತ್ತಿದ್ದ. ಒಂಟಿಕಾಲಲ್ಲಿ ಕುಪ್ಪಳಿಸಿದ, ಗೋಡೆ ಹಿಡಿದ, ಗೋಡೆ ತಪ್ಪಿ ಗೂಟಕ್ಕೆ ತೂಗಿದ್ದ ಕೋಟುಗಳ ನಡುವೆ ಮುಳುಗಿಹೋದ.

"ಎರಡೂ ಕಾಲಿದ್ದು ನಿನ್ನ ಪಾಡೇ ಹೀಗೆ" ಎಂದಳು ದೀಸಾ.

ಕೋಟುಗಳೊಳಗಿನಿಂದ "ಇಡ್ರಪ್ಪ ಬೆಂಚು" ಎಂಬ ದನಿ ಕೇಳಿಸಿತು.

ಮರುದಿನವೇ ಗುದ್ರುನ್ ಬರ್ಚ್ ಮರದ ಹಲಗೆ ಹುಡುಕಿ, ಕುಳಿತವರ ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಒಂದು ಬೆಂಚು ಮಾಡಿ, ಕಂಪನಿಯ ಬಾಗಿಲ ಬಳಿ ಇಟ್ಟಳು. ಬಂದವರೆಲ್ಲ ಅದರ ಮೇಲೆ ಕುಳಿತರು. ಎಲೋಫ್ ಎದುರಿಗೆ ನೆಲದ ಮೇಲೆ ಕುಳಿತು, ಯಾರು ಹೇಗೆ ಬಗ್ಗುತ್ತಾರೆ, ಯಾರು ಕಾಲ ಮೇಲೆ ಕಾಲು ಹಾಕುತ್ತಾರೆ, ಯಾರು ನಿಟ್ಟುಸಿರು ಬಿಡುತ್ತಾರೆ ಎಂದು ಬರೆದುಕೊಂಡ. ಅಂಚೆಯವಳನ್ನೂ ಬಿಡಲಿಲ್ಲ. "ನನಗೆ ಪಾರ್ಸೆಲ್ ಕೊಟ್ಟು ಹೋಗೋದಿದೆ ಮಾರಾಯ" ಎಂದು ಗೊಣಗುತ್ತ ಅವಳು ಎರಡು ಸಲ ಕುಳಿತೆದ್ದಳು.

ಹಬ್ಬದ ಹಿಂದಿನ ದಿನ ದೀಸಾ ಮತ್ತೆ ಬಂದಳು. ನೀಲಿ ಮನೆಯೊಳಗೆ ಪರದೆಯ ದೀಸಾ ಕಾಲಿಟ್ಟಳು, ಬೆಂಚಿನ ಮೇಲೆ ಕುಳಿತಳು, ಕೆಸರು ಬೂಟು ಬಿಚ್ಚಿ ಒಳಗಿನ ಶೂ ಹಾಕಿಕೊಂಡು ಅಡುಗೆಮನೆಗೆ ನಡೆದಳು. ಅಲ್ಲಿದ್ದ ಯಾರೂ ಏನೂ ಕೇಳಲಿಲ್ಲ. ದೀಸಾ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು, "ಈ ಗೋಡೆ ಒಡೀಬೇಕು, ಹಿಂದ್ಗಡೆ ತೋಟ ಬೇಕು. ನೀವೆಲ್ಲಾ ಸ್ವಲ್ಪ ಆಚೆ ಹೋಗ್ತೀರಾ?" ಎಂದಳು. ಎಲೋಫ್ ಆಚೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಗುದ್ರುನ್ ಈ ಸಲವೂ ತಂದಿದ್ದ ಬುಟ್ಟಿಯ ಬನ್ನುಗಳನ್ನೆಲ್ಲ ತಿಂದ. ಅವನ ಹಸಿವು ಮರಳಿತೆಂದು ಗುದ್ರುನ್‌ಗೆ ಸಮಾಧಾನ.

ಅದಾಗಿ ಎರಡು ವರ್ಷವಾಯಿತು. ಎಲ್ಲೆಲ್ಲಿಯದೋ ಜನ ಆಟದಲ್ಲಿ ಮನೆ ಕಟ್ಟುವಾಗ ಬೆಂಚನ್ನು ಬಾಗಿಲಿಗೆ ಮಾತ್ರವಲ್ಲ, ಕೊಳದ ದಡಕ್ಕೆ, ಬಸ್ಸು ನಿಲ್ಲುವಲ್ಲಿಗೂ ಹಾಕಿದ್ದಾರೆ; ಒಬ್ಬ ಮಹಾಶಯ ಮಾಡಿನ ಮೇಲೂ ಇಟ್ಟಿದ್ದಾನೆ. ದೀಸಾ ಅಣ್ಣನಿಗೆ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ತಂಗಿಯಾಗಿ ಅಲ್ಲ, ದೂರು ಹೇಳುವ ಗಿರಾಕಿಯಾಗಿ. ತೋಟದಲ್ಲಿ ಸಲಾಡು ಸೊಪ್ಪು ಬೇಗ ಬೆಳೆಯುತ್ತದೆ, ಇದು ಸುಳ್ಳು. ನೆರೆಯ ಮುದುಕಿ ಹೊತ್ತಲ್ಲದ ಹೊತ್ತಲ್ಲಿ ಗರಗಸ ಎಳೆಯುತ್ತಾಳೆ. ವರ್ಷವಿಡೀ ಒಂದೇ ಹಳದಿ ಹೂವಿನ ಕಾಲು ಹಾಕಿಕೊಂಡು ತಿರುಗಲು ತನಗೇನು ಬೇರೆ ಗತಿಯಿಲ್ಲವೇ?

ಆದ್ದರಿಂದ ಎಲೋಫ್ ಈಗ ಆಟದೊಳಗಿನ ಕಾಲುಗಳಿಗೆ ಬಣ್ಣ ಬಳಿಯುತ್ತಿದ್ದಾನೆ. ಕೆಂಪು ಲಿಂಗನ್ ಹಣ್ಣಿನ ಗೊಂಚಲಿನದೊಂದು ಮುಗಿದಿದೆ. ಮೀನಿನ ಹುರುಪೆಯದು ಅರ್ಧಕ್ಕೆ ಬಂದಿದೆ.