ಅರವತ್ತು ದಾಟಿದ ಅತ್ತೆಯ ಕಿಡ್ನಿ

ಮೂವತ್ತು ತುಂಬುವ ಮೊದಲೇ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ಎಂಬತ್ತರ ದಶಕದ ಮಾತು. ಬಳ್ಳಾರಿಯ ಶಾಲೆಯೊಂದರಲ್ಲಿ ಲೆಕ್ಕದ ಟೀಚರಾಗಿದ್ದ ನಾನು ಮುಖ ಊದಿಕೊಂಡು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾ ಮನೆ ಹಿಡಿದಿದ್ದೆ. ಮದ್ರಾಸಿನ ಆಸ್ಪತ್ರೆಯಲ್ಲಿ, "ರಕ್ತಸಂಬಂಧಿಗಳು ಒಂದು ಕಿಡ್ನಿ ಕೊಟ್ಟರೆ ಬದುಕುತ್ತೀರಿ" ಎಂದಿದ್ದರು.

ಯಾರು ಕೊಡಬೇಕು? ಅವ್ವ ತೀರಿಕೊಂಡಿದ್ದಳು. ಅಪ್ಪನಿಗೆ ಸಕ್ಕರೆ ಕಾಯಿಲೆ. ತಮ್ಮನ ರಕ್ತದ ಗುಂಪು ಹೊಂದಲಿಲ್ಲ, ಗಂಡನದೂ ಅಷ್ಟೇ.

ಸುದ್ದಿ ಗಂಡನ ಹಳ್ಳಿ ಹಚ್ಚೊಳ್ಳಿಗೆ ಮುಟ್ಟಿದ ಮರುದಿನವೇ ಅತ್ತೆ ಸಿರುಗುಪ್ಪದ ಬಸ್ಸಿಳಿದು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದರು. ನನ್ನ ಗಂಡನ ತಾಯಿ. ಅದಕ್ಕೂ ಮೊದಲು ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ಚೀಲ ಕೆಳಗಿಡದೆಯೇ ಹೇಳಿದರು: "ನನ್ನ ರಕ್ತ ನೋಡಿಸ್ರಿ. ನಂದೂ ಈಕೀದೂ ಒಂದ ಮನಿ ರಕ್ತ ಐತಿ."

"ಅತ್ತಿ, ನಿಮಗ ವಯಸ್ಸಾಗೈತಿ" ಎಂದೆ.

"ನನಗಾಗೈತಿ. ಕಿಡ್ನಿಗೆ ಆಗೈತೋ ಇಲ್ಲೋ ಡಾಕ್ಟ್ರು ನೋಡ್ಲಿ."

ಗುಂಪು ಹೊಂದಿತು! ಕಾಗದ ಹಿಡಿದು ಗಂಡ ಬೀದಿಯಿಂದಲೇ ಕೂಗುತ್ತಾ ಬಂದರು. ಅದೇ ವಾರ ಮೂವರೂ ಮದ್ರಾಸಿಗೆ ಹೊರಟೆವು.

ಅಲ್ಲಿನ ಡಾಕ್ಟರು ತೆಲುಗಿನವರು. ನಮ್ಮ ಕಡೆಯ ಎಲ್ಲರಂತೆ ಅತ್ತೆಗೂ ತೆಲುಗು ಸಲೀಸು, ಹಾಗಾಗಿ ನೇರ ಮಾತಿಗೇ ಇಳಿದರು. ಇಷ್ಟು ವಯಸ್ಸಾದವರ ಕಿಡ್ನಿಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅದು ಚಿಕ್ಕವರದಷ್ಟು ಕೆಲಸ ಮಾಡುವುದಿಲ್ಲ, ಕೊಡುವವರಿಗೂ ಅಪಾಯ ಹೆಚ್ಚು ಎಂದರು ಡಾಕ್ಟರು.

"ಈಗ ಈಕೀ ಕಿಡ್ನಿ ಎಷ್ಟು ಕೆಲಸ ಮಾಡತಾವ?" ಅತ್ತೆ ಕೇಳಿದರು.

"ಏನೂ ಇಲ್ಲಮ್ಮ."

"ಹಂಗಾದ್ರ ನಂದು ಅರ್ಧ ಮಾಡಿದ್ರೂ ಆತಲ್ರಿ?"

ಡಾಕ್ಟರು ನಕ್ಕುಬಿಟ್ಟರು. ಪರೀಕ್ಷೆ ಮಾಡಿ ನೋಡೋಣ ಎಂದರು. ರಕ್ತದೊತ್ತಡ, ಹೃದಯ, ಎಕ್ಸ್‌ರೇ, ದಿನಕ್ಕೊಂದು ನಡೆಯಿತು; ಅಷ್ಟು ದಿನ ನನ್ನನ್ನು ಡಯಾಲಿಸಿಸ್ ಮೇಲೆ ಇಟ್ಟಿದ್ದರು. ಪ್ರತಿ ಸಲ ನರ್ಸು ಕಾಗದ ತಂದಾಗ ಅತ್ತೆ ಎದ್ದು ನಿಂತು, "ಪಾಸೋ ಫೇಲೋ?" ಎನ್ನುವರು. ಎಲ್ಲದರಲ್ಲೂ ಪಾಸು! ಇಪ್ಪತ್ತನೆಯ ದಿನ ಡಾಕ್ಟರು ಬಂದು, "ನಿಮ್ಮ ಎಡಗಡೆಯದು ತೆಗೆದುಕೊಳ್ಳುತ್ತೇವೆ" ಎಂದರು. ನಾನು ಅತ್ತೆಯ ಕಾಲಿಗೆ ಬಿದ್ದೆ. "ಏಳಲೇ, ನೀ ಮೊದಲ ಸುಸ್ತಾದಾಕಿ" ಎಂದು ಗದರಿದರು.

ಆಪರೇಷನ್ ಮುಗಿದ ಮೊದಲ ದಿನ ನನಗೆ ಕಟ್ಟಿದ್ದ ಚೀಲದಲ್ಲಿ ಮೂತ್ರ ಬಂದದ್ದು ಒಂದೆರಡು ಚಮಚೆ. ವಯಸ್ಸಾದ ಕಿಡ್ನಿ, ಏಳಲು ತಡವಾಗಬಹುದು, ಏಳದೆಯೂ ಹೋಗಬಹುದು ಎಂದರು ಡಾಕ್ಟರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಬೆಳಿಗ್ಗೆ ನರ್ಸು ಚೀಲ ಎತ್ತಿ ನೋಡಿ, ತಮಿಳಿನಲ್ಲಿ ಏನೋ ಕಿರುಚಿದಳು. ತುಂಬಿತ್ತು! ಅವಳು ಬದಲಿಸಿದ ಚೀಲವೂ ಮಧ್ಯಾಹ್ನಕ್ಕೆ ತುಂಬಿತು.

ಗಂಡ ಅತ್ತೆಯ ವಾರ್ಡಿಗೆ ಓಡಿ, "ಅವ್ವಾ, ಉಚ್ಚಿ ಬಂತು!" ಎಂದು ಕೂಗಿದರಂತೆ. ಭಾಷೆ ತಿಳಿಯದ ರೋಗಿಗಳೂ ನಕ್ಕರಂತೆ. ಅತ್ತೆ ಹೊಲಿಗೆಯ ನೋವಲ್ಲೇ ಎದ್ದು ಕೂರಲು ಹೋಗಿ ನರ್ಸಿನ ಕೈಲಿ ಬೈಸಿಕೊಂಡರಂತೆ.

ಸಂಜೆ ಡಾಕ್ಟರು, "ಬೇಕಾದಷ್ಟು ನೀರು ಕುಡಿಯಿರಿ" ಎಂದರು. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಂದು ಒಂದು ವರ್ಷದಿಂದ ಗುಟುಕು ಅಳೆದು ಕುಡಿದಿದ್ದ ನಾನು ತಂಬಿಗೆಗೆ ಬಾಯಿಟ್ಟು ಎದೆ ಮೇಲೆಲ್ಲ ಚೆಲ್ಲಿಕೊಂಡು ಕುಡಿದೆ.

ಡಾಕ್ಟರು ಹೇಳಿದಂತೆ ಆ ಕಿಡ್ನಿ ಚಿಕ್ಕವರದಷ್ಟು ಓಡಲಿಲ್ಲ. ಆದರೂ ನಾನು ಮತ್ತೆ ಕೆಲಸಕ್ಕೆ ಹೋದೆ, ಎರಡು ಹೊತ್ತು ಅಡುಗೆ ಮಾಡಿದೆ. ಅತ್ತೆ ನಾಲ್ಕೇ ತಿಂಗಳಿಗೆ ಹಚ್ಚೊಳ್ಳಿಗೆ ಮರಳಿದರು. ಗದ್ದೆಯ ಬದುವಿನ ಮೇಲೆ ಹೆಂಗಸರು ಮುತ್ತಿಕೊಂಡು ಗಾಯ ತೋರಿಸು ಎಂದಾಗ, ಸೆರಗು ಸರಿಸಿ, "ನೋಡ್ರಿ, ಮುಟ್ಟಬ್ಯಾಡ್ರಿ" ಎಂದು ಠೀವಿಯಿಂದ ನಿಂತರಂತೆ.