ಚಲುವಯ್ಯನವರ ಮುಂದೆ ನಿಂತುಹೋದ ಹಾಡು

ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದಾಕು ಹಾಕುವ ಕೆಲಸ ಎದೆಯುಬ್ಬಿಸಿ ಹೇಳಿಕೊಳ್ಳುವಂಥ ದೊಡ್ಡ ಹುದ್ದೆಯೇನಲ್ಲ. ಆದರೂ ಹನಗೋಡಿನಿಂದ ಹಂಪಾಪುರದವರೆಗೆ ಯಾರ ತೋಳನ್ನಾದರೂ ತಿರುಗಿಸಿ ನೋಡಿದರೆ, ಈ ವರ್ಷ ಸರ್ಕಾರಿ ಸೇವೆಯಿಂದ ನಿವೃತ್ತರಾದ ಶ್ರೀಮಾನ್ ಚಲುವಯ್ಯನವರ ಕೈಗುರುತು ಅಲ್ಲಿ ಕಾಣಿಸುತ್ತದೆ. ಇಷ್ಟು ಜನರನ್ನು ಅಳಿಸಿ ಇಷ್ಟು ಪ್ರೀತಿ ಸಂಪಾದಿಸಿದವರು ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಕೆಲಸಕ್ಕೆ ಸೇರಿದಾಗ, ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ತಾಯಂದಿರು ಮಕ್ಕಳನ್ನು ರಾಗಿ ತುಂಬಿಡುವ ವಾಡೆಯ ಹಿಂದೆ ಬಚ್ಚಿಡುತ್ತಿದ್ದರು. ದಾರಿಹೋಕರಿಗೆ ಕರೆದು ಮಜ್ಜಿಗೆ ಕೊಡುವ ಜನ ಇವರನ್ನು ಕಂಡರೆ ಕದ ಹಾಕಿಕೊಳ್ಳುತ್ತಿದ್ದರು. ವಾರವೆಲ್ಲ ಹೀಗೆ ಬೈಸಿಕೊಂಡು ತಿರುಗಿದವರು ಶನಿವಾರ ಸಂಜೆ ಹನಗೋಡಿನ ಭಜನೆ ಮನೆಗೆ ಬಂದು, ತಾಳ ಹಿಡಿದು, ಹೆಗಲ ವಲ್ಲಿ ಜಾರಿದ್ದೂ ತಿಳಿಯದಂತೆ ಕುಣಿಯುತ್ತಿದ್ದರು. ದೇವರು ಬಂದನೆಂದು ತಿಳಿಯುವುದು ಹೇಗೆಂದು ಯಾರಾದರೂ ಕೇಳಿದರೆ, "ಸುಮ್ಸುಮ್ಕೆ ನಗು ಬತ್ತದಲ್ಲ, ಅವನೇ ಕಣ್ರೀ ಅದು" ಎನ್ನುತ್ತಿದ್ದರು. ಹೀಗೆ ಕುಣಿಯುವ ಮನುಷ್ಯ ಕೂಸಿಗೆ ಕೇಡು ಬಗೆಯಲಾರನೆಂದು ತಾಯಂದಿರಿಗೂ ಅನ್ನಿಸಿತು. ಪುಟ್ಟಸಿದ್ದಮ್ಮನೆಂಬ ಮುದುಕಿಯ ಮೊಮ್ಮಗಳಿಗೆ ದಾಕು ಹಾಕಿದ ಮೇಲೆ ಜ್ವರ ಬಂದಾಗ, ಅದು ಇಳಿಯುವ ತನಕ ಅವರು ಆ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಅಲ್ಲಿಂದಾಚೆಗೆ ಕದಗಳು ತೆರೆದವು.

ಅವರಿಗೆ ಮಕ್ಕಳಿರಲಿಲ್ಲ; ಪತ್ನಿ ಪುಟ್ಟಲಕ್ಷ್ಮಿಯವರು ತೀರಿಕೊಂಡ ಮೇಲೆ ಊರಿನ ಮರ್ಯಾದೆಯೇ ಚಲುವಯ್ಯನವರಿಗೆ ಮುಳುವಾಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ; ಅಂಥವರ ಎದುರು ನಕ್ಕು ನಲಿಯುವುದು ಸಲ್ಲದೆಂದು ಭಜನೆಯವರು ತಾವೇ ಕಟ್ಟು ಮಾಡಿಕೊಂಡರು. ವರ್ಷ ಕಳೆಯಿತು, ಕಟ್ಟು ಮಾತ್ರ ಸಡಿಲವಾಗಲಿಲ್ಲ. ಅವರು ಹೊಸ್ತಿಲಲ್ಲಿ ಕಾಣಿಸಿದೊಡನೆ ಕೃಷ್ಣನ ಬೆಣ್ಣೆ ಕಳ್ಳತನದ ಹಾಡು ಅರ್ಧಕ್ಕೇ ನಿಂತು, ದೇಹ ಸ್ಥಿರವಲ್ಲವೆಂಬ ಪದ ಶುರುವಾಗುತ್ತಿತ್ತು. ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದರು. ಕಡೆಗೆ ಅವರು ಹೋಗುವುದನ್ನೇ ಬಿಟ್ಟರು. ತಾವೊಬ್ಬರಿಗಾಗಿ ರಾಗಿ ಹಿಟ್ಟು ತೊಳಸಿ, ಒಲೆಯ ಮುಂದೆ ಕೂತು ಹಾಡೋಣವೆಂದರೆ ದನಿಯೇ ಏಳುತ್ತಿರಲಿಲ್ಲ. ಹೆಂಡತಿಯ ಹಿಂದೆಯೇ ದೇವರೂ ಮನೆ ಬಿಟ್ಟನೇನೋ ಎಂದು ಅವರಿಗೆ ನಿಜವಾಗಿಯೂ ಭಯವಾಯಿತು.

ತಡೆಯಲಾರದೆ ಒಂದು ಶನಿವಾರ ಹೋದರು. ಎಂದಿನಂತೆ ಹಾಡು ನಿಂತಿತು. ಭಜನೆಯ ಹಿರಿಯ ಮುದ್ದಯ್ಯ ತಾಳವನ್ನು ಮಡಿಲಿಗಿಟ್ಟುಕೊಂಡ.

"ಯಾಕಪ್ಪಾ ನಿಲ್ಸುಬುಟ್ಟೆ?"

"ನಿಮ್ ಮುಂದ್ಗಡೆ ಅಂಗೆಲ್ಲ ಕುಣ್ಯಾದಾ ಸ್ವಾಮಿ? ನೊಂದಿರೋ ಜೀವ ನೀವು."

"ನನ್ನೆಡ್ತಿ ಒಂಟೋದ್ಲು, ಓಗ್ಲಿ ಬುಡು, ಅದು ಯಾರ ಕೈಲೂ ಇರ್ಲಿಲ್ಲ. ನೀವು ದೇವ್ರನ್ನೂವೆ ಆಚೆಗೆ ಕಳಿಸ್ಬುಟ್ರೆ ನಾನು ಯಾರ್ ಜೊತೇಲಿರ್ಲಿ ಮುದ್ದಯ್ಯ?"

ಮುದ್ದಯ್ಯ ಎದ್ದು ಬಂದು ತಾಳವನ್ನು ಅವರ ಕೈಗಿಟ್ಟ. ಹಾಡು ನಿಂತ ಕಡೆಯಿಂದಲೇ ಚಲುವಯ್ಯನವರು ಎತ್ತಿಕೊಂಡರು. ಮೊದಲು ದನಿ ಒಡೆಯಿತು, ಆಮೇಲೆ ಕಾಲು ತಾನಾಗಿ ಎದ್ದಿತು, ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಆ ಹಳೆಯ ನಗು ಬಂದುಬಿಟ್ಟಿತು. ಮಂಗಳಾರತಿಯಾದ ಮೇಲೆ ಪ್ರಸಾದ ಹಿಡಿದು ಒಬ್ಬರೇ ಮನೆಗೆ ಹೋಗಿ, ತಾವೇ ಬೀಗ ತೆಗೆದು, ತಾವೇ ದೀಪ ಹಚ್ಚಿದರು.

ವಿಶ್ರಾಂತ ಜೀವನಕ್ಕೆ ಕಾಲಿಟ್ಟಿರುವ ಈ ಹಿರಿಯರಿಗೆ ಭಗವಂತನು ಆಯುರಾರೋಗ್ಯಗಳನ್ನೂ ಗಟ್ಟಿ ಕಾಲುಗಳನ್ನೂ ಕರುಣಿಸಲಿ. ಅವರ ಮನೆಯನ್ನು ತುಂಬಿಸಿಕೊಡುವುದು ಊರವರಾದ ನಮ್ಮಿಂದಾಗದ ಕೆಲಸ. ಅವರು ಬಂದಾಗ ಹಾಡು ನಿಲ್ಲಿಸದೆ ಇರುವುದಷ್ಟೇ ನಮ್ಮ ಕೈಲಾಗುವುದು; ಅದನ್ನು ಮಾಡುತ್ತೇವೆ.