ಕುನಿಹಿಕೊ ಕಾರಿಗೆ ಗಂಡು ಹುಡುಕಿದ್ದು

ಕುನಿಹಿಕೊಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಮಗುವನ್ನು ಕೈಗೆ ಕೊಟ್ಟಾಗ ಅವನು ಎಷ್ಟು ಅತ್ತನೆಂದರೆ, ಎಲ್ಲಿ ಬೀಳಿಸಿಬಿಡುತ್ತಾನೋ ಎಂದು ನರ್ಸ್ ಮಗುವನ್ನು ವಾಪಸು ಈಸಿಕೊಂಡಳಂತೆ. ಅಳು ನಿಂತ ಮೇಲೆ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಮನೆಯಲ್ಲಿ ಇನ್ನು ಮೂರು ಜನ. ಕಾರಿನಲ್ಲಿರುವುದು ಎರಡೇ ಸೀಟು.

ಆ ಕಾರಿನ ಬಗ್ಗೆ ಹೇಳಬೇಕು. ಕೆಂಪು ಬಣ್ಣದ, ಮೇಲಿನ ಮುಸುಕು ಬಿಚ್ಚಿ ಮಡಚಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಹಿಂದಿನ ಡಿಕ್ಕಿಯಲ್ಲಿ ಒಂದು ಕೈಚೀಲ ಇಟ್ಟರೆ ಭರ್ತಿ. ಕುನಿಹಿಕೊ ಒಕಯಾಮಾ ಊರಿನಲ್ಲಿ ರಸ್ತೆಗಳಿಗೆ ಬಿಳಿ ಗೆರೆ ಎಳೆಯುವ ಕೆಲಸದವನು. ವಾರವೆಲ್ಲ ಬಣ್ಣದ ಯಂತ್ರದ ಹಿಂದೆ ಆಮೆ ನಡಿಗೆ. ಭಾನುವಾರ ಮುಸುಕು ಬಿಚ್ಚಿ, ತಾನೇ ಎಳೆದ ಗೆರೆಗಳ ಪಕ್ಕದಲ್ಲಿ ಭರ್ರನೆ ಹೋಗಿಬರದಿದ್ದರೆ ಅವನಿಗೆ ಸೋಮವಾರ ಹುಟ್ಟುತ್ತಲೇ ಇರಲಿಲ್ಲ. ಕಾರನ್ನು ಒರೆಸುವ ಬಟ್ಟೆಯನ್ನು ಅವನು ತನ್ನ ಅಂಗಿಗಳ ಜೊತೆಗೇ ಒಗೆಯುತ್ತಿದ್ದ ಎಂದರೆ ಉಳಿದದ್ದು ನೀವೇ ಊಹಿಸಿಕೊಳ್ಳಿ.

ಹೆಂಡತಿ ಚಿಗುಸ ಬಾಣಂತನಕ್ಕೆ ತವರಿನಲ್ಲಿದ್ದಳು. ಗುಡ್ಡದ ಮೇಲಿನ ಹಳ್ಳಿ, ತಂದೆ ಯಾಸುಜಿಗೆ ದ್ರಾಕ್ಷಿ ತೋಟ. ಹಾಲು ಹೆಚ್ಚಲಿ ಎಂದು ತಾಯಿ ತೊಕಿಯೆ ಹೊತ್ತು ಹೊತ್ತಿಗೂ ಮೋಚಿ ಎಂಬ ಅಕ್ಕಿ ಉಂಡೆ ಹಾಕಿದ ಮಿಸೊ ಸಾರು ಕುಡಿಸುತ್ತಿದ್ದಳು. ತಿಂಗಳು ತುಂಬಿ, ಮಗು ಕೊಹಾರುವನ್ನು ದೇವರ ಗುಡಿಗೆ ಕರೆದೊಯ್ದ ಮೇಲೆ ತಾಯಿ ಮಗು ಊರಿಗೆ ಬರಬೇಕು. ಕುನಿಹಿಕೊನ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದೇ ಕಾರು ನಿಲ್ಲಿಸುವ ಜಾಗ. ಹಿಂದೆ ಸೀಟಿರುವ ಕಾರು ಬರಬೇಕಾದರೆ ಕೆಂಪು ಕಾರು ಹೋಗಬೇಕು.

ಮಾರು ಎಂದು ಚಿಗುಸ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಪಾಪ, ಅವನು ತಾನೇ ಬಾಯಿಬಿಟ್ಟು ಹೇಳಿದ: "ನೀವಿಬ್ಬರೂ ಬರೋದ್ರೊಳಗೆ ಕಾರನ್ನ ಕಳಿಸಿಬಿಡ್ತೀನಿ."

ಹೇಳಿದ್ದೇನೋ ಸರಿ, ಕಳಿಸಿದ್ದು ಎಲ್ಲಿ? ನೋಡಲು ಬಂದವರಲ್ಲಿ ಒಬ್ಬ ಸಿಗರೇಟು ಸೇದುತ್ತಾನೆ, ಬೇಡ. ಇನ್ನೊಬ್ಬ ಕೆಸರು ಕಾಲಲ್ಲೇ ಒಳಗೆ ಕೂತ, ಬೇಡವೇ ಬೇಡ. ಮತ್ತೊಬ್ಬನಲ್ಲಿ ಯಾವ ಐಬೂ ಇರಲಿಲ್ಲ, ಅದಕ್ಕೇ ಅನುಮಾನ ಬಂತು. ಚಿಗುಸ ಬರುವ ವಾರ ಹತ್ತಿರವಾಗುತ್ತಲೇ ಇತ್ತು. ಅವಳಿಗೆ ಕೊಟ್ಟ ಮಾತು ಹಾಗೇ ನಿಂತಿತ್ತು.

ನಮ್ಮ ಒಕಯಾಮಾ ಕಡೆ ಒಂದು ರೂಢಿಯಿದೆ. ಮುದ್ದಿನಿಂದ ಸಾಕಿದ್ದನ್ನು, ಅದು ಕಾರಾಗಲಿ ನಾಯಿಮರಿಯಾಗಲಿ, ಬೇರೆಯವರಿಗೆ ಕೊಟ್ಟರೆ ಮಾರಿದೆ ಅನ್ನುವುದಿಲ್ಲ, ಮದುವೆ ಮಾಡಿ ಕಳಿಸಿದೆ ಅನ್ನುತ್ತೇವೆ. ಒಂದು ಶನಿವಾರ ಕುನಿಹಿಕೊ ಮಾವನ ಮನೆಯ ಹಿತ್ತಿಲಲ್ಲಿ ನಿಂತು ಗೆಳೆಯ ಹಿದಾಕಾನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲ ಕಣೋ, ಮದುವೆ ಮಾಡಿ ಕಳಿಸೋದು ಅಂತ ಗಟ್ಟಿಮನಸ್ಸು ಮಾಡಿದೀನಿ. ಮನೇಲಿ ಇಬ್ಬರು ಹುಡುಗೀರನ್ನ ಇಟ್ಕೊಳ್ಳೋಕೆ ಜಾಗ ಎಲ್ಲಿದೆ? ನಾಳೆ ಒಬ್ಬರು ನೋಡೋಕೆ ಬರ್ತಾರೆ. ಅರವತ್ತು ದಾಟಿದವರಂತೆ. ವಯಸ್ಸಾದ್ರೆ ಏನು, ಚೆನ್ನಾಗಿ ನೋಡ್ಕೊಂಡ್ರೆ ಸಾಕು."

ಅಡುಗೆಮನೆಯ ಕಿಟಕಿಯಲ್ಲಿ ತೊಕಿಯೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಮರುಗಳಿಗೆ ಅವಳು ಸೌಟಿನ ಸಮೇತ ಹಿತ್ತಿಲಿಗೆ ಬಂದಳು.

"ಕುನಿಹಿಕೊ ಸಾನ್, ಯಾವ ಹುಡುಗಿ? ಕೂಸಿಗಿನ್ನೂ ಕತ್ತು ನಿಂತಿಲ್ಲ. ಅರವತ್ತು ದಾಟಿದವರು ಯಾರ್ರೀ ಬರ್ತಿರೋದು?"

"ಅಯ್ಯೋ ಅತ್ತೆ, ಕಾರು. ಕಾರಿನ ಮಾತು."

ಜಗಲಿಯಲ್ಲಿ ಉಗುರು ಕತ್ತರಿಸಿಕೊಳ್ಳುತ್ತಿದ್ದ ಯಾಸುಜಿ ಇಷ್ಟು ನಕ್ಕದ್ದನ್ನು ಆ ಮನೆಯವರು ಎಂದೂ ನೋಡಿರಲಿಲ್ಲ. ಆ ಮನುಷ್ಯ ದ್ರಾಕ್ಷಿ ಗೊಂಚಲಿನ ಜೊತೆ ಆಡುವಷ್ಟು ಮಾತನ್ನು ಅಳಿಯನ ಜೊತೆ ಆಡಿದವನಲ್ಲ. ನಗು ನಿಂತ ಮೇಲೆ ಹೇಳಿದ: "ಹೆಣ್ಣು ನೋಡೋ ಶಾಸ್ತ್ರ ಅಂದ್ಮೇಲೆ ಹಿರಿಯರು ಇರಬೇಡ್ವಾ? ಅವರಿಗೆ ಇಲ್ಲಿಗೇ ಬರಕ್ಕೆ ಹೇಳು. ನಾನೂ ಕೂತ್ಕೋತೀನಿ."

ತೊಕಿಯೆ ಇನ್ನೂ ಗುರುಗುಟ್ಟುತ್ತಲೇ ಇದ್ದಳು. ಆದರೂ ಬೆಳಿಗ್ಗೆ ಎದ್ದು ಕೆಂಪು ಕಾಳಿನ ಅನ್ನಕ್ಕೆ ಇಟ್ಟಳು. ಮನೆಯಿಂದ ಹೆಣ್ಣು ಹೊರಡುವುದಾದರೆ ಅದಿಲ್ಲದೆ ಆಗುವುದಿಲ್ಲವಲ್ಲ.

ಬಂದವರು ಹಿಸಾನೊ ಎಂಬ ಹೆಂಗಸು. ಗಂಡ ಮನೆಗಳ ನೆಲಕ್ಕೆ ಚಾಪೆ ಹಾಸುವ ಕೆಲಸದವರಾಗಿದ್ದರಂತೆ. ಈಕೆ ಆಯಸ್ಸೆಲ್ಲ ಚಾಪೆ ತುಂಬಿದ ವ್ಯಾನನ್ನೇ ಓಡಿಸಿದ್ದಾರಂತೆ. ಈಗ ಗಂಡನಿಲ್ಲ, ವ್ಯಾನೂ ಇಲ್ಲ. ಬೂಟು ಒರೆಸಿಕೊಂಡೇ ಅಂಗಳಕ್ಕೆ ಕಾಲಿಟ್ಟರು. ಯಾಸುಜಿ ಚಹಾ ಕೊಡಿಸಿ, ಗಂಭೀರವಾಗಿ ಶುರುಮಾಡಿದ.

"ನಿಮ್ಮ ಕಡೆ ಹಿಮ ಬೀಳುತ್ತಾ?"

"ಬೀಳುತ್ತೆ. ಆದ್ರೆ ಮನೆಗೆ ಗ್ಯಾರೇಜಿದೆ, ಬಾಗಿಲೂ ಇದೆ."

"ಕುಡಿಯೋ ಅಭ್ಯಾಸ?"

"ಹಬ್ಬಕ್ಕೆ ಒಂದು ಬಟ್ಟಲು. ಅವತ್ತು ಗಾಡಿ ಮುಟ್ಟಲ್ಲ."

"ಮನೇಲಿ ಯಾರ್ಯಾರಿದ್ದಾರೆ?"

"ಅತ್ತೆ ಇಲ್ಲ, ನಾದಿನಿ ಇಲ್ಲ. ನಿಮ್ಮ ಹುಡುಗಿ ರಾಣಿ ಥರ ಇರ್ತಾಳೆ."

ಒಳಗಿನಿಂದ ಚಿಗುಸ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಕುನಿಹಿಕೊಗೆ ನಗು ಬರಲಿಲ್ಲ. ಅವನು ಐಬು ಹುಡುಕುತ್ತಿದ್ದ. ಸಿಗಲಿಲ್ಲ. ಕಡೆಗೆ ತಾನೇ ಕಾರಿನ ಐಬುಗಳನ್ನು ಹೇಳತೊಡಗಿದ, ಅದಕ್ಕಾದರೂ ಹೆದರಿ ಹೋಗಲಿ ಎಂದು. ಚಳಿಯಲ್ಲಿ ಎರಡನೇ ಗೇರು ಬೀಳುವುದಿಲ್ಲ, ಜೋರು ಮಾಡಬಾರದು. ಮಳೆಯಲ್ಲಿ ಎಡಗಡೆ ಮೂಲೆ ಸೋರುತ್ತದೆ, ಟವಲು ಇಡಬೇಕು. ಏರಿನಲ್ಲಿ ಗೊಣಗುತ್ತದೆ.

ಹಿಸಾನೊ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು. ಆಮೇಲೆ, "ಆಗದೇ ಇರೋದೆಲ್ಲ ಹೇಳಿದ್ರಿ. ಇವಳಿಗೆ ಇಷ್ಟ ಏನು?" ಎಂದರು.

ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಕುನಿಹಿಕೊ ಕಾರಿನ ಕಡೆ ತಿರುಗಿದ. "ಬೆಳಗಿನ ಹೊತ್ತು," ಎಂದ. "ಮುಸುಕು ಬಿಚ್ಚಿ, ಹೊಳೆ ದಡದ ರಸ್ತೆ. ಮೂರನೇ ಗೇರಿನಲ್ಲಿ ಬಿಟ್ಟುಬಿಡಿ, ಅವಳೇ ಹೋಗ್ತಾಳೆ." ಹೇಳುತ್ತ ಹೇಳುತ್ತ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿಸಿ ಅವರಿಗೆ ಕೊಟ್ಟ. ಕೊಟ್ಟಾದ ಮೇಲೇ ಅವನಿಗೆ ತಾನು ಮಾಡಿದ್ದು ಗೊತ್ತಾಯಿತು.

ತೊಕಿಯೆ ಕೆಂಪು ಕಾಳಿನ ಅನ್ನದ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟಳು. ಹಿಸಾನೊ ಕಾರಿನ ಮುಸುಕು ಬಿಚ್ಚಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟರು. ಎರಡನೇ ಗೇರು ಬಿತ್ತು, ಸದ್ದಿಲ್ಲದೆ. ಮೂರನೆಯದೂ ಬಿತ್ತು. ಕಾರು ತೋಟದ ತಿರುವಿನಲ್ಲಿ ಮರೆಯಾಯಿತು. ಹಿಸಾನೊ ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ. ಅವರ ಮುಖವೆಲ್ಲ ನಗು, ದೃಷ್ಟಿಯೆಲ್ಲ ರಸ್ತೆಯ ಮೇಲೆ.

"ಒಂದ್ಸಲ ಹಿಂದಕ್ಕೆ ನೋಡಬಾರದಿತ್ತಾ," ಎಂದ ಕುನಿಹಿಕೊ. ದನಿಯಲ್ಲಿ ಸಿಟ್ಟು, ದುಃಖ ಎರಡೂ ಇದ್ದವು.

ಚಿಗುಸ ಹೊರಗೆ ಬಂದು, ಕೊಹಾರುವನ್ನು ಅವನ ತೋಳಿಗೆ ಕೊಟ್ಟು ಒಳಗೆ ಹೋದಳು. ಅಂಗಳದಲ್ಲಿ ಉಳಿದದ್ದು ಅಳಿಯ, ಮಾವ, ನಿದ್ದೆ ಮಾಡುವ ಕೂಸು. ಯಾಸುಜಿ ಇನ್ನೂ ಆ ತಿರುವನ್ನೇ ನೋಡುತ್ತಿದ್ದ.

"ಮದುವೆಯಾಗಿ ಚಿಗುಸನ್ನ ಕರ್ಕೊಂಡು ಹೋದಾಗ, ನೀನೂ ತಿರುಗಿ ನೋಡಲಿಲ್ಲ," ಎಂದ.

ಆ ದಿನ ಕುನಿಹಿಕೊಗೆ ನೆನಪಿತ್ತು. ಮುಸುಕು ಬಿಚ್ಚಿತ್ತು, ಪಕ್ಕದಲ್ಲಿ ಚಿಗುಸ ಇದ್ದಳು, ಅವನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಅಂಗಳದಲ್ಲಿ ಯಾರಾದರೂ ನಿಂತಿದ್ದರೇ ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವನು ತೋಳಿನಲ್ಲಿದ್ದ ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡ.

"ಅವತ್ತು ಆಮೇಲೆ ಏನು ಮಾಡಿದ್ರಿ, ಮಾವ?"

"ಮಾಡೋದೇನು? ನಿಮ್ಮತ್ತೆ ಊಟಕ್ಕೆ ಕರೆದಳು. ಹೋಗಿ ಉಂಡೆ," ಎಂದು ಯಾಸುಜಿ ಅಳಿಯನ ಬೆನ್ನ ಮೇಲೆ ಕೈಯಿಟ್ಟ. "ಬಾ, ಒಟ್ಟಿಗೆ ಕೂರೋಣ."